ಪಾಳಿ ಕೆಲಸಕ್ಕೆ ಸೈಕಲ್‌ನಲ್ಲಿ ಹೋಗುವವರು ಚಳಿಗೆ ಏನು ತೊಡಬೇಕು?

ಪ್ರಶ್ನೆ: ನಾನು ಯಲಹಂಕ ಉಪನಗರದ ನಿವಾಸಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ವಯಸ್ಸು 47. ಕಳೆದ ಬೇಸಿಗೆಯಿಂದ ಸೈಕಲ್‌ನಲ್ಲೇ ಹೋಗಿಬರುತ್ತಿದ್ದೇನೆ. ಒಂದು ಕಡೆಗೆ ಸುಮಾರು 12 ಕಿಲೋಮೀಟರ್. ಒಂದು ವಾರ ಮೊದಲ ಪಾಳಿ, ಬೆಳಗಿನ ಜಾವ 5 ಗಂಟೆಗೆ ಮನೆ ಬಿಡುತ್ತೇನೆ. ಮರುವಾರ ಎರಡನೇ ಪಾಳಿ, ರಾತ್ರಿ 10.30ಕ್ಕೆ ಕಾರ್ಖಾನೆಯಿಂದ ಹೊರಡುತ್ತೇನೆ. ಬನಿಯನ್, ಅಂಗಿ, ಸ್ವೆಟರ್, ಮೇಲೊಂದು ಜರ್ಕಿನ್, ಮಂಕಿ ಕ್ಯಾಪ್ ಇಷ್ಟೂ ಹಾಕಿಕೊಳ್ಳುತ್ತೇನೆ. ಆದರೂ ಬೆಳಗ್ಗೆ ಬೆವರಿ ಒದ್ದೆಯಾಗಿ, ಕೆಲಸಕ್ಕೆ ನಿಂತ ಮೇಲೆ ನಡುಗುತ್ತೇನೆ. ಮೊಬೈಲ್ 15 ಡಿಗ್ರಿ ತೋರಿಸುವ ಬೆಳಗಿನ ಜಾವಕ್ಕಿಂತ 19 ಡಿಗ್ರಿ ತೋರಿಸುವ ರಾತ್ರಿಯೇ ದಾರಿಯಲ್ಲಿ ಹೆಚ್ಚು ಚಳಿಯಾಗುವುದು ಏಕೆಂದು ತಿಳಿಯುತ್ತಿಲ್ಲ. ಬೆರಳುಗಳು ಮರಗಟ್ಟುತ್ತವೆ. ಇನ್ನೂ ದಪ್ಪ ಜಾಕೆಟ್ ಕೊಳ್ಳಲೇ? ಶಿವರಾತ್ರಿ ಕಳೆಯುವವರೆಗೆ ಸೈಕಲ್ ಬಿಡಿ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ.

ಉತ್ತರ: ಜಾಕೆಟ್ ಕೊಳ್ಳಬೇಡಿ, ಸೈಕಲ್ಲನ್ನೂ ಬಿಡಬೇಡಿ. ಬೆಳಗ್ಗೆ ನಿಮಗೆ ಚಳಿ ಹತ್ತುವುದು ತಲುಪಿದ ಮೇಲೆ. ರಾತ್ರಿ ಚಳಿ ಹತ್ತುವುದು ತಾಪಮಾನ ಹೆಚ್ಚಿರುವ ಹೊತ್ತಿನಲ್ಲಿ. ನೀವೇ ಬರೆದಿರುವ ಈ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಾರಣ ಹೊಳೆಯುತ್ತದೆ. ಬೆಳಗ್ಗೆ ನಿಮ್ಮನ್ನು ನಡುಗಿಸುತ್ತಿರುವುದು ನಿಮ್ಮದೇ ಬೆವರು, ರಾತ್ರಿ ನಡುಗಿಸುತ್ತಿರುವುದು ಎದುರುಗಾಳಿ. ಬಟ್ಟೆ ದಪ್ಪವಾದಷ್ಟೂ ಬೆವರು ಹೆಚ್ಚುತ್ತದೆ. ಹೆಣೆದ ಬಟ್ಟೆ ಎಷ್ಟೇ ದಪ್ಪವಿದ್ದರೂ ಗಾಳಿ ಒಳಗೆ ನುಗ್ಗುತ್ತದೆ. ಮೈಯನ್ನು ಒಣಗಿಟ್ಟುಕೊಂಡು ಎದೆಗೆ ಗಾಳಿ ತಾಗದಂತೆ ನೋಡಿಕೊಂಡರೆ ಬೆಂಗಳೂರಿನ ಚಳಿಯನ್ನು ಒಂದೂವರೆ ಪದರ ಬಟ್ಟೆಯಲ್ಲಿ ಕಳೆಯಬಹುದು.

ನಮ್ಮ ಊರಿನ ಚಳಿಯ ಸ್ವಭಾವವನ್ನು ಮೊದಲು ನೋಡೋಣ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಊರಿದು. ಡಿಸೆಂಬರ್, ಜನವರಿಯಲ್ಲಿ ಕನಿಷ್ಠ ತಾಪಮಾನ ಸಾಮಾನ್ಯವಾಗಿ 15–16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಕೆಲವು ದಿನ ಅದಕ್ಕಿಂತ ಎರಡು ಮೂರು ಡಿಗ್ರಿ ಇಳಿಯುತ್ತದೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹಾಗೆಂದು ನಮ್ಮ ಚಳಿ ಸುಲಭದ್ದೆಂದು ನಾನು ಹೇಳುವುದಿಲ್ಲ. ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ, ತಣಿದ ಗಾಳಿ ಭಾರವಾಗಿ ತಗ್ಗಿನಲ್ಲಿ ಹರಡಿಕೊಳ್ಳುತ್ತದೆ. ಅಟ್ಟೂರು ಕೆರೆಯ ಕಡೆಗೆ ಇಳಿಯುವಾಗ ಮೊಣಕಾಲಿಗೆ ಒಮ್ಮೆಲೇ ತಣ್ಣಗೆ ಮುಟ್ಟಿದಂತಾಗುವುದು ನಿಮ್ಮ ಅನುಭವಕ್ಕೆ ಬಂದಿರಬೇಕು, ಅದು ಭ್ರಮೆಯಲ್ಲ. ಆದರೆ ಅದೇ ದಿನ ಮಧ್ಯಾಹ್ನ ನೀವು ಮೊದಲ ಪಾಳಿ ಮುಗಿಸಿ ಹೊರಬರುವ ಹೊತ್ತಿಗೆ 26–27 ಡಿಗ್ರಿ ಬಿಸಿಲಿರುತ್ತದೆ. ಬೆಳಗಿನ ಜಾವ ತೊಟ್ಟದ್ದನ್ನೆಲ್ಲ ಮಧ್ಯಾಹ್ನ ಹೊತ್ತು ತರಬೇಕು. ಹಿಮ ಬೀಳುವ ದೇಶದ ಸೈಕಲ್ ಸವಾರರಿಗೆ ಈ ಪೇಚಾಟ ಇಲ್ಲ, ಆದ್ದರಿಂದ ಅವರಿಗೆ ಮಾಡಿದ ಬಟ್ಟೆ ನಮಗೆ ಹೊಂದುವುದೂ ಇಲ್ಲ. ನಮಗೆ ಬೇಕಾದದ್ದು ತೆಳ್ಳಗಿರುವ, ಮಡಚಿದರೆ ಊಟದ ಡಬ್ಬಿಯ ಪಕ್ಕದಲ್ಲಿ ಕೂರುವ ಬಟ್ಟೆ.

ಈಗ ನಿಮ್ಮ ಬೆಳಗಿನ ಸವಾರಿಗೆ ಬರೋಣ. ಸುಮ್ಮನೆ ಕುಳಿತಿರುವಾಗ ನಮ್ಮ ದೇಹ ಸುಮಾರು 100 ವಾಟ್‌ನಷ್ಟು ಶಾಖ ಹೊರಬಿಡುತ್ತಿರುತ್ತದೆ. ಹದವಾದ ವೇಗದಲ್ಲಿ ಸೈಕಲ್ ತುಳಿಯುವಾಗ ಅದು ನಾಲ್ಕೈದು ಪಟ್ಟಾಗುತ್ತದೆ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಪೆಡಲ್‌ಗೆ ತಲುಪುತ್ತದೆ, ಉಳಿದದ್ದೆಲ್ಲ ಶಾಖ. ಮನೆ ಬಾಗಿಲಿನಲ್ಲಿ ನಿಂತಾಗ ಹಿತವೆನಿಸುವಷ್ಟು ಬಟ್ಟೆ ತೊಟ್ಟು ಹೊರಟರೆ ಹತ್ತು ನಿಮಿಷದಲ್ಲಿ ಅದು ಅತಿಯಾಗುವುದು ಇದರಿಂದಲೇ. ನೀವು ಎಂ.ಎಸ್. ಪಾಳ್ಯ ದಾಟುವ ಮುನ್ನವೇ ಬನಿಯನ್ ಬೆನ್ನಿಗೆ ಅಂಟಿರುತ್ತದೆ. ಹೊರಡುವಾಗ ತುಸು ಚಳಿ ಎನಿಸುವಷ್ಟೇ ಬಟ್ಟೆ ಇರಲಿ. ಆ ಮೊದಲ ಹತ್ತು ನಿಮಿಷ ಕಷ್ಟವೆನಿಸಿದರೆ ಮನೆಯೊಳಗೇ ಇಪ್ಪತ್ತು ಬಸ್ಕಿ ಹೊಡೆಯಿರಿ, ಇಲ್ಲವೇ ಮೆಟ್ಟಿಲು ಹತ್ತಿ ಇಳಿಯಿರಿ. ಮೈಯೊಳಗಿನ ಒಲೆಯನ್ನು ಹೊತ್ತಿಸಿಕೊಂಡು ಬಾಗಿಲು ತೆರೆದರೆ ಜರ್ಕಿನ್‌ನ ನೆನಪಾಗುವುದಿಲ್ಲ.

ಬೆವರಿನ ವಿಷಯವನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ಮೈ ಒದ್ದೆಯಾಗಿದ್ದು, ಆ ತೇವ ಆರುತ್ತಾ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದಲ್ಲ, ಒದ್ದೆ ಬನಿಯನ್ ತೊಟ್ಟ ಮೈಯಲ್ಲೂ ಅದೇ ನಡೆಯುತ್ತದೆ. ಒಂದು ಗ್ರಾಂ ಬೆವರು ಆರಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ತುಳಿಯುತ್ತಿರುವಷ್ಟು ಹೊತ್ತು ದೇಹ ಅದನ್ನು ಧಾರಾಳವಾಗಿ ಕೊಡುತ್ತದೆ. ನೀವು ಸೈಕಲ್ ನಿಲ್ಲಿಸಿ ಹಾಜರಿ ಹಾಕಿ ಯಂತ್ರದ ಮುಂದೆ ನಿಂತೊಡನೆ ಶಾಖದ ಉತ್ಪತ್ತಿ ತಟ್ಟನೆ ಇಳಿಯುತ್ತದೆ, ಆದರೆ ಬಟ್ಟೆಯಲ್ಲಿ ಕುಳಿತ ಬೆವರು ಇನ್ನೂ ಒಂದು ಗಂಟೆ ಆರುತ್ತಲೇ ಇರುತ್ತದೆ. ಜೊತೆಗೆ, ನಿಂತ ಗಾಳಿಗಿಂತ ನೀರು ಸುಮಾರು ಇಪ್ಪತ್ತೈದು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಬಟ್ಟೆಯ ಎಳೆಗಳ ನಡುವೆ ಗಾಳಿ ಇರುವುದರಿಂದಲೇ ಅದು ಬೆಚ್ಚಗಿರುವುದು. ಆ ಜಾಗವನ್ನು ಬೆವರು ಆಕ್ರಮಿಸಿದರೆ ಸ್ವೆಟರ್ ಇದ್ದೂ ಇಲ್ಲದಂತೆ.

ಹೀಗಾಗಿ ಮೊದಲು ಬಿಡಬೇಕಾದದ್ದು ಹತ್ತಿ ಬನಿಯನ್. ನಮ್ಮ ಹವೆಗೆ ಹತ್ತಿಯಷ್ಟು ಹಿತವಾದ ಬಟ್ಟೆ ಇಲ್ಲವೆಂಬುದು ನಿಜ, ಕೆಲಸದಲ್ಲಿ, ಮನೆಯಲ್ಲಿ ಅದನ್ನೇ ತೊಡಿ. ಸವಾರಿಯ ಆ ಮುಕ್ಕಾಲು ಗಂಟೆಗೆ ಮಾತ್ರ ಬೇಡ, ಏಕೆಂದರೆ ಅದು ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅದರ ಜಾಗದಲ್ಲಿ ಹುಡುಗರು ಫುಟ್‌ಬಾಲ್ ಆಡಲು ತೊಡುವ ತೆಳು ಪಾಲಿಯೆಸ್ಟರ್ ಟೀ ಶರ್ಟ್ ಮೈಗೆ ಅಂಟುವಂತೆ ತೊಡಿ. ಪಾಲಿಯೆಸ್ಟರ್ ಎಳೆ ನೀರನ್ನು ಹೀರುವುದೇ ಇಲ್ಲವೆನ್ನಬಹುದು. ಬೆವರು ಬಟ್ಟೆಯ ಮೇಲ್ಮೈಗೆ ಹರಡಿ ಬೇಗ ಆರುತ್ತದೆ. ಅದರ ಒಂದು ದೋಷ ವಾಸನೆ. ಪ್ರತಿದಿನ ತೊಳೆಯಲೇಬೇಕು, ರಾತ್ರಿ ಒಗೆದು ಹಿಂಡಿ ಹಾಕಿದರೆ ಬೆಳಗಿನ ಹೊತ್ತಿಗೆ ಒಣಗಿರುತ್ತದೆ.

ಉಣ್ಣೆಯ ಬಗ್ಗೆ ಒಂದು ಮಾತು. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ, ಬೆಚ್ಚಗೇ ಇರುತ್ತದೆ. ಜಿಟಿಜಿಟಿ ಮಳೆಯಲ್ಲಿ ಕಂಬಳಿ ಹೊದ್ದು ಕುರಿ ಮೇಯಿಸುವ ನಮ್ಮ ಚಿತ್ರದುರ್ಗದ ಕಡೆಯ ಕುರಿಗಾಹಿಗಳಿಗೆ ಇದು ತಲೆತಲಾಂತರದಿಂದ ಗೊತ್ತು. ಆದರೆ ಚಳಿಗಾಲದಲ್ಲಿ ಫುಟ್‌ಪಾತ್ ಮೇಲೆ ರಾಶಿ ಹಾಕಿ ಮಾರುವ ಸ್ವೆಟರ್‌ಗಳಲ್ಲಿ ಬಹುಪಾಲು ಅಕ್ರಿಲಿಕ್, ಉಣ್ಣೆಯಲ್ಲ. ನಿಮ್ಮ ಸ್ವೆಟರ್ ಯಾವುದೆಂದು ತಿಳಿಯಬೇಕಾದರೆ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಗುಂಡಾಗಿ ನಿಂತರೆ ಅಕ್ರಿಲಿಕ್. ಹಳೆಯ ಪೆಟ್ಟಿಗೆಯಲ್ಲಿ ಅಮ್ಮನೋ ಅಜ್ಜಿಯೋ ಹೆಣೆದ ನಿಜವಾದ ಉಣ್ಣೆಯ ತೋಳಿಲ್ಲದ ಸ್ವೆಟರ್ ಇದ್ದರೆ ಅದನ್ನು ಹೊರತೆಗೆಯಿರಿ. ಅಂಗಡಿಯ ದುಬಾರಿ ಜಾಕೆಟ್‌ಗಿಂತ ಅದು ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಇನ್ನು ಗಾಳಿ. ರಾತ್ರಿಯ ಒಗಟು ಬಿಡಿಸಿಕೊಳ್ಳುವುದು ಇಲ್ಲಿಯೇ. ಚಳಿಗಾಲದಲ್ಲಿ ಬೆಂಗಳೂರಿಗೆ ಗಾಳಿ ಹೆಚ್ಚಾಗಿ ಪೂರ್ವದಿಂದ, ಈಶಾನ್ಯದಿಂದ ಬೀಸುತ್ತದೆ. ನಿಮ್ಮ ದಾರಿಯನ್ನು ನೋಡಿ: ಯಲಹಂಕದಿಂದ ಪೀಣ್ಯ ನೈಋತ್ಯಕ್ಕಿದೆ. ಬೆಳಗ್ಗೆ ಹೋಗುವಾಗ ಗಾಳಿ ನಿಮ್ಮ ಬೆನ್ನಿಗೆ, ರಾತ್ರಿ ಮರಳುವಾಗ ಎದೆಗೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ತುಳಿಯುವವರಿಗೆ 8 ಕಿಲೋಮೀಟರ್ ವೇಗದ ಗಾಳಿ ಬೆನ್ನ ಹಿಂದಿದ್ದರೆ ಮೈಗೆ ತಾಗುವುದು 7 ಕಿಲೋಮೀಟರ್‌ನ ಗಾಳಿ ಮಾತ್ರ. ಅದೇ ಗಾಳಿ ಎದುರಿದ್ದರೆ 23. ಮೈಯಿಂದ ಶಾಖ ಕಿತ್ತುಕೊಂಡು ಹೋಗುವ ಅದರ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇದರ ಮುಂದೆ 15ಕ್ಕೂ 19ಕ್ಕೂ ನಡುವಿನ ನಾಲ್ಕು ಡಿಗ್ರಿ ಏನೇನೂ ಅಲ್ಲ. ಬೆಳಗ್ಗೆ ನೀವು ಅಷ್ಟು ಬೆವರುವುದಕ್ಕೂ ಬೆನ್ನ ಹಿಂದಿನ ಗಾಳಿಯೇ ಅರ್ಧ ಕಾರಣ: ಶಾಖ ಒಯ್ಯಲು ಎದುರಿನಿಂದ ಸಾಕಷ್ಟು ಗಾಳಿ ಬರುವುದಿಲ್ಲ. ರಾತ್ರಿಯ ಕಷ್ಟಕ್ಕೆ ಇನ್ನೂ ಎರಡು ಸೇರುತ್ತವೆ. ಎಂಟು ಗಂಟೆ ದುಡಿದ ಬಟ್ಟೆ ಆಗಲೇ ತೇವವಾಗಿರುತ್ತದೆ. ದಣಿದ ಕಾಲು ನಿಧಾನವಾಗಿ ತುಳಿಯುತ್ತದೆ, ಹಾಗಾಗಿ ಶಾಖವೂ ಕಡಿಮೆ ಹುಟ್ಟುತ್ತದೆ. ಸಂಜೆಯ ಬಿಡುವಿನಲ್ಲಿ ಬರೀ ಚಹಾ ಕುಡಿದು ಊಟವನ್ನು ಮನೆಗೆ ಮೀಸಲಿಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಹೊರಡುವ ಮುಂಚೆ ಒಂದು ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ, ಒಂದು ಚೂರು ಬೆಲ್ಲ ತಿನ್ನಿ. ಖಾಲಿ ಹೊಟ್ಟೆಯಲ್ಲಿ ಎದುರುಗಾಳಿ ತುಳಿಯುವುದು ಮೈಗೆ ಮಾಡುವ ಅನ್ಯಾಯ.

ಗಾಳಿ ತಡೆಯಲು ಒಂದೇ ಒಂದು ತೆಳು ಪದರ ಸಾಕು, ಅದು ಎಲ್ಲಕ್ಕಿಂತ ಹೊರಗೆ ಇರಬೇಕು, ಮೈಯ ಮುಂಭಾಗಕ್ಕೆ ಇದ್ದರೆ ಸಾಕು. ಸೈಕಲ್ ಸವಾರರಿಗೆಂದೇ ಮಾಡಿದ ತೋಳಿಲ್ಲದ ಗಾಳಿತಡೆ ಅಂಗಿಗಳಿವೆ: ಎದೆಗೆ ನೈಲಾನ್, ಬೆನ್ನಿಗೆ ಜಾಳಿಗೆ. ಮಡಚಿದರೆ ಮುಷ್ಟಿಯಲ್ಲಿ ಹಿಡಿಯುತ್ತದೆ. ಹಣ ಖರ್ಚು ಮಾಡಲೇಬೇಕೆಂದರೆ ದಪ್ಪ ಜಾಕೆಟ್ ಬದಲು ಇದನ್ನು ಕೊಳ್ಳಿ. ಖರ್ಚು ಮಾಡದೆಯೂ ದಾರಿಯಿದೆ. ನಮ್ಮೂರಲ್ಲಿ ಚಳಿಗೆ ಜರ್ಕಿನ್ನನ್ನು ಹಿಂದುಮುಂದು ತೊಟ್ಟು ಸ್ಕೂಟರ್ ಓಡಿಸುವವರನ್ನು ನೀವೂ ಕಂಡಿದ್ದೀರಿ. ನೋಡಲು ಹೇಗೇ ಇರಲಿ, ಆ ಜನ ಕಂಡುಕೊಂಡದ್ದು ಅಪ್ಪಟ ವಿವೇಕ, ಸೈಕಲ್‌ಗಂತೂ ಇನ್ನೂ ಚೆನ್ನಾಗಿ ಹೊಂದುತ್ತದೆ. ಎದೆಯ ಮೇಲೆ ಜಿಪ್ಪಿನ ಸಂದಿಲ್ಲದ ಅಖಂಡ ಬಟ್ಟೆ, ಬೆನ್ನಿನ ಕಡೆ ತೆರೆದ ಜಿಪ್ಪಿನಿಂದ ಬೆವರಿನ ಆವಿ ಹೊರಗೆ. ನಿಮ್ಮ ಈಗಿನ ಜರ್ಕಿನ್ ತೆಳುವಾಗಿದ್ದರೆ ನಾಳೆಯೇ ಹೀಗೆ ತೊಟ್ಟು ನೋಡಿ. ಕತ್ತಿನ ಪಟ್ಟಿ ಗಂಟಲನ್ನು ಒತ್ತಬಾರದು, ತೋಳು ಎಳೆಯಬಾರದು, ಕೆಳಗಿನ ಅಂಚು ಜೋತು ಚಕ್ರದ ಹತ್ತಿರ ಹೋಗಬಾರದು. ಅಷ್ಟು ನೋಡಿಕೊಂಡರೆ ಸಾಕು.

ಇನ್ನೂ ಹಳೆಯ ಉಪಾಯವೊಂದಿದೆ. ಯುರೋಪಿನ ಸೈಕಲ್ ಪಂದ್ಯಗಳಲ್ಲಿ ಬೆವರಿಳಿಸಿಕೊಂಡು ಬೆಟ್ಟ ಹತ್ತಿದ ಸವಾರರು ಇಳಿಜಾರಿಗೆ ಮುನ್ನ ದಾರಿಬದಿಯ ಜನರಿಂದ ದಿನಪತ್ರಿಕೆ ಪಡೆದು ಅಂಗಿಯೊಳಗೆ ಎದೆಗೆ ತುರುಕಿಕೊಳ್ಳುತ್ತಿದ್ದರು. ಕಾಗದ ಗಾಳಿಯನ್ನು ತಡೆಯುತ್ತದೆ, ತುಸು ಬೆವರನ್ನು ಹೀರುತ್ತದೆ, ಬೇಡವಾದಾಗ ಕಿತ್ತು ತೆಗೆಯಬಹುದು. ನಿನ್ನೆಯ ಪತ್ರಿಕೆಯ ಎರಡು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಟೀ ಶರ್ಟ್‌ಗೂ ಅಂಗಿಗೂ ನಡುವೆ ಇಟ್ಟು ಗುಂಡಿ ಹಾಕಿಕೊಳ್ಳಿ. ರಾತ್ರಿ ಮರಳುವಾಗ ಇದನ್ನು ತಪ್ಪದೆ ಮಾಡಿ. ಬೆಳಗ್ಗೆ ಬೆನ್ನ ಹಿಂದೆ ಗಾಳಿ ಇರುವಾಗ ಇದರ ಅಗತ್ಯ ಬೀಳಲಿಕ್ಕಿಲ್ಲ.

ಒಟ್ಟಿನಲ್ಲಿ ಬೆಳಗ್ಗೆ 15 ಡಿಗ್ರಿಗೆ ನಾನು ಹೇಳುವ ಉಡುಪು ಇಷ್ಟೇ: ಮೈಗಂಟಿದ ಪಾಲಿಯೆಸ್ಟರ್ ಟೀ ಶರ್ಟ್, ಮೇಲೆ ತೆಳು ಗಾಳಿತಡೆ, ತೋಳಿಗೆ ಬಿಸಿಲಿಗೆಂದು ಸ್ಕೂಟರ್‌ನವರು ಹಾಕುವ ಜಾರುತೋಳುಗಳು (ಆರ್ಮ್ ಸ್ಲೀವ್). ಈ ತೋಳುಗಳ ಉಪಕಾರ ದೊಡ್ಡದು. ಮೈ ಬಿಸಿಯಾದಾಗ ಸಿಗ್ನಲ್‌ನಲ್ಲಿ ನಿಂತು ಮಣಿಕಟ್ಟಿಗೆ ಇಳಿಸಿಕೊಂಡರಾಯಿತು, ಗಂಗಮ್ಮನ ಗುಡಿ ದಾಟಿ ಮತ್ತೆ ಚಳಿ ಎನಿಸಿದರೆ ಏರಿಸಿಕೊಳ್ಳಬಹುದು. ಮಧ್ಯಾಹ್ನದ ಬಿಸಿಲಿಗೂ ಅವೇ ಆಗುತ್ತವೆ. ತಾಪಮಾನ 13ಕ್ಕೆ ಇಳಿದ ದಿನ ಮಾತ್ರ ನಡುವೆ ತೋಳಿಲ್ಲದ ಸ್ವೆಟರ್ ಸೇರಿಸಿ. ಸ್ವೆಟರ್ ಗಾಳಿತಡೆಯ ಒಳಗೇ ಇರಬೇಕು. ಹೊರಗೆ ತೊಟ್ಟರೆ ಹೆಣಿಗೆಯ ಕಣ್ಣುಗಳಲ್ಲಿ ಗಾಳಿ ನೇರ ನುಗ್ಗುತ್ತದೆ.

ಕೈಬೆರಳು ಮರಗಟ್ಟುವ ಬಗ್ಗೆ ಬರೆದಿದ್ದೀರಿ. ಎದೆ, ಹೊಟ್ಟೆಯ ಭಾಗ ತಣಿಯುತ್ತಿದೆ ಎಂದು ಗೊತ್ತಾದೊಡನೆ ದೇಹ ಕೈಕಾಲಿನ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ಒಳಗಿನ ಅಂಗಗಳಿಗೆ ಶಾಖ ಉಳಿಸಿಕೊಳ್ಳಲು ಅದು ಹೂಡುವ ಉಪಾಯವದು. ಹಾಗಾಗಿ ಎದೆಗೆ ಗಾಳಿ ತಡೆದರೆ ಬೆರಳು ಅರ್ಧ ಸರಿಹೋಗುತ್ತದೆ. ಉಳಿದರ್ಧಕ್ಕೆ ತೆಳು ಕೈಗವಸು ಸಾಕು. ಬಿಗಿಯಾದದ್ದು ಬೇಡ, ರಕ್ತ ಓಡಲು ಎಡೆ ಬೇಕು. ನಿಮ್ಮ ಸೈಕಲ್‌ನ ಬ್ರೇಕ್ ಹಿಡಿಗಳನ್ನು ಒಮ್ಮೆ ಮುಟ್ಟಿ ನೋಡಿ. ಅವು ಬರೀ ಲೋಹದವಾಗಿದ್ದರೆ ಪ್ರತಿ ಬಾರಿ ಹಿಡಿದಾಗಲೂ ಬೆರಳ ತುದಿಯ ಶಾಖವನ್ನು ಹೀರುತ್ತವೆ. ಪಂಕ್ಚರ್ ಅಂಗಡಿಯಲ್ಲಿ ಎಸೆಯಲು ಇಟ್ಟ ಹಳೆಯ ಟ್ಯೂಬಿನಿಂದ ಬೆರಳುದ್ದದ ಎರಡು ತುಂಡು ಕೇಳಿ ತಂದು, ಸೋಪಿನ ನೀರು ಸವರಿ ಹಿಡಿಗಳ ಮೇಲೆ ಏರಿಸಿ. ನೀರು ಆರಿದ ಮೇಲೆ ರಬ್ಬರ್ ಬಿಗಿಯಾಗಿ ಕೂರುತ್ತದೆ, ಇಬ್ಬನಿಗೆ ಬೆರಳು ಜಾರುವುದೂ ನಿಲ್ಲುತ್ತದೆ.

ಯಾವ ಬೆರಳು ಮರಗಟ್ಟುತ್ತದೆ ಎಂಬುದನ್ನೂ ಗಮನಿಸಿ. ಹತ್ತೂ ಬೆರಳ ತುದಿ ಜೋಮು ಹಿಡಿದು ಮೈ ಬಿಸಿಯಾದ ಮೇಲೆ ಸರಿಹೋದರೆ ಅದು ಚಳಿ. ಕಿರುಬೆರಳು ಮತ್ತು ಉಂಗುರ ಬೆರಳು ಮಾತ್ರ ಜೋಮು ಹಿಡಿದು, ಇಳಿದ ಮೇಲೂ ಅರ್ಧ ಗಂಟೆ ಹಾಗೇ ಉಳಿದರೆ ಚಳಿಗೂ ಅದಕ್ಕೂ ಸಂಬಂಧವಿಲ್ಲ. ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ನರವನ್ನು ಹ್ಯಾಂಡಲ್ ಒತ್ತುತ್ತಿದೆ ಎಂದರ್ಥ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈಭಾರವೆಲ್ಲ ಕೈ ಮೇಲೆ ಬೀಳುತ್ತದೆ. ಸೀಟನ್ನು ಸಮತಟ್ಟಾಗಿಸಿ, ಹ್ಯಾಂಡಲ್ ಎತ್ತರಿಸಲು ಸಾಧ್ಯವಿದ್ದರೆ ಎತ್ತರಿಸಿ, ದಾರಿಯಲ್ಲಿ ಆಗಾಗ ಹಿಡಿತ ಬದಲಿಸಿ. ಈ ತೊಂದರೆಗೆ ಕೈಗವಸಿನ ಮೇಲೆ ಕೈಗವಸು ತೊಟ್ಟು ಒದ್ದಾಡುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಒಂದು ಸ್ಪ್ಯಾನರ್ ತಿರುಗಿಸಿದರೆ ಮುಗಿಯುವ ಕಥೆ ಅದು.

ಮಂಕಿ ಕ್ಯಾಪ್ ದಯವಿಟ್ಟು ಬೇಡ. ದೇಹದ ಶಾಖದಲ್ಲಿ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆ ಎಂಬ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಅದು ಸರಿಯಲ್ಲ, ತಲೆ ನಮ್ಮ ಮೈಯ ಮೇಲ್ಮೈಯಲ್ಲಿ ಹತ್ತನೇ ಒಂದು ಭಾಗ ಮಾತ್ರ, ಶಾಖವೂ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಚಳಿ ಹೆಚ್ಚು ತಿಳಿಯುವುದು ಕಿವಿ ಮತ್ತು ಹಣೆಯಲ್ಲಿ. ದಪ್ಪ ಕ್ಯಾಪಿನ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಬಿದ್ದಾಗ ಜಾರುತ್ತದೆ. ಅದಕ್ಕಿಂತ ಭಯದ ಸಂಗತಿ, ಹಿಂದಿನಿಂದ ಬರುವ ಲಾರಿಯ ಸದ್ದು ಮಂದವಾಗುತ್ತದೆ, ಕತ್ತು ತಿರುಗಿಸಿದಾಗ ಕ್ಯಾಪಿನ ಅಂಚು ಕಣ್ಣಿಗೆ ಅಡ್ಡ ಬರುತ್ತದೆ. ತೆಳುವಾದ ಒಂದು ಹತ್ತಿ ವಸ್ತ್ರವನ್ನು ಪಟ್ಟಿಯಾಗಿ ಮಡಚಿ ಹಣೆ, ಕಿವಿಗಳ ಮೇಲೆ ಬರುವಂತೆ ಕಟ್ಟಿ, ಮೇಲೆ ಹೆಲ್ಮೆಟ್ ತೊಡಿ. ಗಂಟು ಹೆಲ್ಮೆಟ್‌ನ ಕೆಳಗೆ ಸಿಕ್ಕಿಕೊಳ್ಳದಂತೆ ಕತ್ತಿನ ಬಳಿ ಬರಲಿ.

ಕಾಲಿನ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ತೊಡೆಯೇ ಶಾಖದ ಕಾರ್ಖಾನೆ, ಸಾಮಾನ್ಯ ಪ್ಯಾಂಟ್ ಸಾಕು. ಚಪ್ಪಲಿ ಬಿಟ್ಟು ಕಾಲುಚೀಲ, ಬೂಟು ಹಾಕಿಕೊಳ್ಳಿ. ತುಟಿ, ಕೆನ್ನೆ ಒಡೆಯುವುದಿದ್ದರೆ ಹೊರಡುವ ಮುನ್ನ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದರಿಂದ ಈ ದಿನಗಳಲ್ಲಿ ಸೀಸೆಯಿಂದ ಬರುವುದಿಲ್ಲ, ಅಗಲ ಬಾಯಿಯ ಡಬ್ಬಿಗೆ ಹಾಕಿಟ್ಟುಕೊಳ್ಳಿ.

ತಲುಪಿದ ಮೇಲಿನ ಐದು ನಿಮಿಷ ನಿಮ್ಮ ಇಡೀ ದಿನವನ್ನು ನಿರ್ಧರಿಸುತ್ತದೆ. ಜಾಲಹಳ್ಳಿ ಕ್ರಾಸ್ ದಾಟಿದ ಮೇಲೆ ಕೊನೆಯ ಒಂದು ಕಿಲೋಮೀಟರ್ ವೇಗ ತಗ್ಗಿಸಿ, ಗಾಳಿತಡೆಯ ಜಿಪ್ಪು ಇಳಿಸಿ. ಬೆವರು ಅಲ್ಲೇ ಅರ್ಧ ಆರಲಿ. ಒಳಗೆ ಹೋದೊಡನೆ ಮೈ ಒರೆಸಿ ಒಣ ಬನಿಯನ್, ಒಣ ಅಂಗಿ ತೊಡಿ, ಆಮೇಲೆ ಚಹಾ. ಬೆವರು ತಾನಾಗಿ ಆರಲಿ, ಆಮೇಲೆ ಬದಲಾಯಿಸೋಣ ಎಂದು ಕಾಯುವವರೇ ಹೆಚ್ಚು. ಆರುವಾಗಲೇ ಅದು ಶಾಖ ಕದಿಯುವುದು, ಆದ್ದರಿಂದ ಕಾಯಬಾರದು. ನಿಮ್ಮ ಲಾಕರ್‌ನಲ್ಲಿ ಒಂದು ತೆಳು ಪಂಚೆ ಅಥವಾ ಟವೆಲ್ ಮತ್ತು ವಾರಕ್ಕಾಗುವಷ್ಟು ಬನಿಯನ್ ಇಟ್ಟುಬಿಡಿ. ಎರಡನೇ ಪಾಳಿಯ ವಾರದಲ್ಲಿ ಇದನ್ನು ಹೊರಡುವ ಮುಂಚೆಯೂ ಮಾಡಬೇಕು. ದುಡಿದ ಬಟ್ಟೆ ಬಿಚ್ಚಿ ಒಣ ಟೀ ಶರ್ಟ್ ತೊಟ್ಟು ಸೈಕಲ್ ಹತ್ತಿದರೆ ರಾತ್ರಿಯ ಚಳಿಯಲ್ಲಿ ದೊಡ್ಡ ಪಾಲು ಗೇಟಿನಲ್ಲೇ ಉಳಿಯುತ್ತದೆ.

ಕತ್ತಲೆಯ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳದೆ ಇರಲಾರೆ, ಏಕೆಂದರೆ ಚಳಿ ನಿಮ್ಮನ್ನು ನಡುಗಿಸುತ್ತದೆ ಅಷ್ಟೇ, ಕತ್ತಲೆ ಕೊಲ್ಲಬಲ್ಲದು. ಹಗಲು ಅತಿ ಚಿಕ್ಕದಾಗುವುದು ಡಿಸೆಂಬರ್ ಮೂರನೇ ವಾರದಲ್ಲಾದರೂ ಬೆಂಗಳೂರಿನಲ್ಲಿ ಸೂರ್ಯ ಅತಿ ತಡವಾಗಿ ಏಳುವುದು ಸಂಕ್ರಾಂತಿ ಕಳೆದ ಮೇಲೆ, ಜನವರಿಯ ಕೊನೆಯ ಭಾಗದಲ್ಲಿ, ಸುಮಾರು 6.45ಕ್ಕೆ. ನಿಮ್ಮ 5 ಗಂಟೆಯ ಸವಾರಿ ಪೂರ್ತಿ ಕತ್ತಲಲ್ಲಿ, ಕೆಲವು ದಿನ ಮಂಜಿನಲ್ಲಿ, ಪೀಣ್ಯದ ಲಾರಿಗಳ ನಡುವೆ ನಡೆಯುತ್ತದೆ. ಕಪ್ಪು ಜರ್ಕಿನ್ ಆಗಿದ್ದರೆ ಮೇಲೆ ಹೊಳೆಯುವ ಪಟ್ಟಿಯ ಜಾಳಿಗೆ ಅಂಗಿ ಹಾಕಿ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು. ಎರಡು ಕಾಲಿನ ಹರಡಿಗೂ ಹೊಳೆಯುವ ಪಟ್ಟಿ ಸುತ್ತಿಕೊಳ್ಳಿ. ಪೆಡಲ್ ಜೊತೆ ಮೇಲೆ ಕೆಳಗೆ ಆಡುವ ಹೊಳಪು ಕಂಡೊಡನೆ ಹಿಂದಿನ ಚಾಲಕನಿಗೆ ಅದು ಮನುಷ್ಯನೆಂದು ತಿಳಿಯುತ್ತದೆ. ಜಾಕೆಟ್‌ಗೆಂದು ತೆಗೆದಿಟ್ಟ ಹಣದಲ್ಲಿ ಮೊದಲ ಪಾಲು ಹಿಂದಿನ ದೀಪಕ್ಕೆ ಹೋಗಲಿ.

ಉಸಿರಿನ ವಿಷಯ. ಚಳಿಗೇ ನೆಗಡಿಯಾಗುವುದಿಲ್ಲ, ನೆಗಡಿ ಬರುವುದು ವೈರಾಣುವಿನಿಂದ. ಆದರೆ ತಣ್ಣನೆಯ ಒಣ ಗಾಳಿಯನ್ನು ಬಾಯಿಂದ ಎಳೆದುಕೊಂಡರೆ ಶ್ವಾಸನಾಳ ಕೆರಳಿ ಕೆಮ್ಮು ಬರುತ್ತದೆ. ಮೂಗು ಗಾಳಿಯನ್ನು ಬೆಚ್ಚಗಾಗಿಸಿ, ತೇವಗೊಳಿಸಿ ಒಳಗೆ ಕಳಿಸುತ್ತದೆ, ಆದ್ದರಿಂದ ಮೂಗಿನಲ್ಲೇ ಉಸಿರಾಡಲು ಆಗುವ ವೇಗದಲ್ಲಿ ತುಳಿಯಿರಿ. ಈ ತಿಂಗಳುಗಳಲ್ಲಿ ಬೆಳಗಿನ ಹೊತ್ತು ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತು ಹೊಗೆಯನ್ನು ಮೇಲೇರಲು ಬಿಡುವುದಿಲ್ಲ. ಜೊತೆಗೆ ರಸ್ತೆ ಗುಡಿಸಿ ಎಲೆರಾಶಿಗೆ ಬೆಂಕಿ ಹಚ್ಚುವ ಕೆಟ್ಟ ಚಾಳಿ ಇನ್ನೂ ಹೋಗಿಲ್ಲ. ಮೂಗು, ಬಾಯಿಗೆ ತೆಳು ವಸ್ತ್ರ ಕಟ್ಟಿದರೆ ಉಸಿರು ಬೆಚ್ಚಗಾಗುತ್ತದೆ. ಹೊಗೆಯ ಸಣ್ಣ ಕಣಗಳನ್ನು ಮಾತ್ರ ಬಟ್ಟೆ ತಡೆಯದು, ಅದಕ್ಕೆ ಎನ್-95 ಮುಖಗವಸೇ ಬೇಕು.

ಬಸ್ಸು ಹಿಡಿಯಬೇಕಾದ ದಿನಗಳೂ ಇವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ತಮಿಳುನಾಡಿನ ಕರಾವಳಿಗೆ ಅಪ್ಪಳಿಸಿದಾಗಲೆಲ್ಲ ಬೆಂಗಳೂರಿಗೆ ಮೋಡ ಮುಸುಕಿ, ದಿನವಿಡೀ ಸೋನೆ ಹಿಡಿಯುತ್ತದೆ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಸೇರಿದಾಗಲೂ ಹೀಗೇ ಆಯಿತು. ಅಂಥ ದಿನ ಥರ್ಮಾಮೀಟರ್ ಮಾಗಿಯ ಮುಂಜಾವಿಗಿಂತ ಹೆಚ್ಚೇ ತೋರಿಸಬಹುದು, ಆದರೆ ಮಳೆಯಲ್ಲಿ ನೆನೆದ ಮೈಗೆ ಗಾಳಿ ಬೀಸಿದರೆ ಅದಕ್ಕಿಂತ ಕೆಟ್ಟ ಚಳಿ ನಮ್ಮೂರಲ್ಲಿ ಬೇರೆ ಇಲ್ಲ. ಪ್ಲಾಸ್ಟಿಕ್ ರೇನ್‌ಕೋಟ್ ಹೊರಗಿನ ನೀರನ್ನು ತಡೆದರೂ ಒಳಗೆ ಬೆವರಿನಿಂದ ಅಷ್ಟೇ ಒದ್ದೆ ಮಾಡುತ್ತದೆ, ರಸ್ತೆಯ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ವರ್ಷಕ್ಕೆ ಬೆರಳೆಣಿಕೆಯ ಇಂಥ ದಿನಗಳಿಗೆ ಸೈಕಲ್ ಮನೆಯಲ್ಲಿರಲಿ.

ಮನೆಯವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. 47ರ ವಯಸ್ಸಿನಲ್ಲಿ ದಿನಕ್ಕೆ 24 ಕಿಲೋಮೀಟರ್ ತುಳಿಯುತ್ತಿರುವುದು ನಿಮ್ಮ ಹೃದಯಕ್ಕೆ ಮಾಡುತ್ತಿರುವ ದೊಡ್ಡ ಉಪಕಾರ, ಅದನ್ನು ಮೂರು ತಿಂಗಳು ನಿಲ್ಲಿಸಿದರೆ ಗಳಿಸಿದ ದಮ್ಮಿನಲ್ಲಿ ಬಹಳಷ್ಟು ಕಳೆದುಹೋಗುತ್ತದೆ. ಹಾಗೆಯೇ ಚಳಿಗೆ ರಕ್ತನಾಳಗಳು ಕಿರಿದಾಗಿ ರಕ್ತದೊತ್ತಡ ಏರುವುದೂ ನಿಜ. ನಿಮಗೆ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಈ ವಾರವೇ ವೈದ್ಯರಿಗೆ ತೋರಿಸಿ, ಬೆಳಗಿನ ಜಾವದ ಸವಾರಿಯ ವಿಷಯ ಅವರಿಗೆ ಹೇಳಿ. ಮೊದಲ ಹತ್ತು ನಿಮಿಷ ಕಡಿಮೆ ಗೇರಿನಲ್ಲಿ ನಿಧಾನವಾಗಿ ತುಳಿಯಿರಿ. ತುಳಿಯುವಾಗ ಎದೆ ಬಿಗಿದು ನೋವು ಎಡಗೈಗೋ ದವಡೆಗೋ ಹರಿದರೆ ತಕ್ಷಣ ನಿಲ್ಲಿಸಿ 108ಕ್ಕೆ ಕರೆಮಾಡಿ. ಎದೆಯಲ್ಲಿ ಸಿಳ್ಳೆಯಂಥ ಸದ್ದಿನೊಂದಿಗೆ ಕೆಮ್ಮು ಬರುತ್ತಿದ್ದರೆ ಅದು ಆಸ್ತಮಾ ಇರಬಹುದು. ಸವಾರಿಗೆ ಮುನ್ನ ಇನ್‌ಹೇಲರ್ ಬಳಸುವ ಬಗ್ಗೆ ವೈದ್ಯರನ್ನು ಕೇಳಿ. ಬೆರಳುಗಳು ಮರಗಟ್ಟುವುದಷ್ಟೇ ಅಲ್ಲದೆ ಸುಣ್ಣದಂತೆ ಬಿಳಿಚಿಕೊಂಡು, ಆಮೇಲೆ ನೀಲಿಗಟ್ಟಿ, ಬಿಸಿಯಾದಾಗ ಕೆಂಪೇರಿ ಉರಿಯುತ್ತಿದ್ದರೆ ಅದು ರಕ್ತನಾಳಗಳ ಬೇರೆಯೇ ತೊಂದರೆ. ಕಾರ್ಖಾನೆಯಲ್ಲಿ ಗ್ರೈಂಡರ್, ಡ್ರಿಲ್‌ನಂಥ ನಡುಗುವ ಉಪಕರಣಗಳನ್ನು ವರ್ಷಗಟ್ಟಲೆ ಹಿಡಿದವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ನಿಮ್ಮ ಕೆಲಸ ಅಂಥದ್ದಾಗಿದ್ದರೆ, ಬಣ್ಣ ಬದಲಾದಾಗ ಮೊಬೈಲ್‌ನಲ್ಲಿ ಕೈಯ ಚಿತ್ರ ತೆಗೆದುಕೊಂಡು ಕಾರ್ಖಾನೆಯ ವೈದ್ಯರಿಗೋ ಇಎಸ್‌ಐ ಆಸ್ಪತ್ರೆಗೋ ತೋರಿಸಿ.